ಉದ್ರಿ ಪುಸ್ತಕದಿಂದ ಇ-ಮೇಲ್‌ವರೆಗೆ: ಸಣ್ಣ ಅಂಗಡಿಯ ದೊಡ್ಡ ಆಸ್ತಿ

ಗುರುವಾರ ಸಂಜೆಯಾದರೆ ಸಾಕು, ಬಹರೈನಿನಲ್ಲಿ ನಮ್ಮೆಲ್ಲರ ಫೋನಿಗೆ ವಾರಾಂತ್ಯದ ಆಫರ್‌ಗಳು ಬಂದು ಬೀಳಲು ಶುರುವಾಗುತ್ತವೆ. ಹೈಪರ್ ಮಾರ್ಕೆಟಿನ ಇಪ್ಪತ್ತು ಪುಟದ ಕರಪತ್ರ, ಡೆಲಿವರಿ ಆ್ಯಪ್‌ನ ಕೂಪನ್, ಎಂದೋ ಒಮ್ಮೆ ಚಪ್ಪಲಿ ತೆಗೆದುಕೊಂಡ ಮಾಲ್ ಅಂಗಡಿಯ ಇ-ಮೇಲ್. ಬಹುಪಾಲು ಓದದೆ ಅಳಿಸಿಬಿಡುತ್ತೇವೆ. ಆದರೆ ಕೆಳಗಿನ ಕೋಲ್ಡ್ ಸ್ಟೋರ್‌ನ ಹುಡುಗ "ಅಣ್ಣಾ, ಊರಿನ ಕುಚ್ಚಲಕ್ಕಿ ಬಂದಿದೆ, ಒಂದು ಚೀಲ ತೆಗೆದಿಡ್ಲಾ?" ಅಂತ ಒಂದು ಸಾಲು ಕಳಿಸಿದರೆ ಕೂಡಲೇ ಉತ್ತರ ಕೊಡುತ್ತೇವೆ.

ದೊಡ್ಡವರ ಹತ್ತಿರ ಜಾಹೀರಾತಿನ ವಿಭಾಗವೇ ಇದೆ, ಹಣ ಇದೆ. ಆದರೂ ಒಂದು ಸಾಲಿನ ಮೆಸೇಜ್ ಮಾಡುವ ಕೆಲಸ ಇಪ್ಪತ್ತು ಪುಟದ ಕರಪತ್ರಕ್ಕೆ ಆಗುವುದಿಲ್ಲ. ಯಾಕೆಂದರೆ ಆ ಹುಡುಗನಿಗೆ ನಿಮಗೆ ಬೇಕಾದದ್ದು ಏನು ಅಂತ ಗೊತ್ತು. ಬೇಕಾದವರಿಗೆ ಬೇಕಾದ ವಿಷಯ ಮಾತ್ರ ಕಳಿಸುವುದನ್ನು ಈಗ ಟಾರ್ಗೆಟೆಡ್ ಮಾರ್ಕೆಟಿಂಗ್ ಅಂತ ಕರೆಯುತ್ತಾರೆ. ಹೆಸರು ದೊಡ್ಡದು, ಕೆಲಸ ಹಳೆಯದು.

ಗುದೈಬಿಯಾ, ಹೂರಾ, ಮುಹರಕ್, ರಿಫಾ, ಸಲ್ಮಾಬಾದ್ ಎಲ್ಲಿ ಹೋದರೂ ಸಣ್ಣ ಅಂಗಡಿಗಳಲ್ಲಿ ನಮ್ಮ ಕಡೆಯವರು ಸಿಗುತ್ತಾರೆ. ಕೋಲ್ಡ್ ಸ್ಟೋರ್, ಟೈಲರ್ ಅಂಗಡಿ, ಮೊಬೈಲ್ ಅಂಗಡಿ, ಸಲೂನ್, ಬೇಕರಿ. ಕೆಲವರು ಪಾಲುದಾರರು, ಹೆಚ್ಚಿನವರು ಸಂಬಳಕ್ಕೆ ದುಡಿಯುವವರು. ಅಂಥ ಒಂದು ಅಂಗಡಿ ಬಾಗಿಲು ಹಾಕಿದರೆ ಮಾಲೀಕನಿಗೆ ನಷ್ಟ ನಿಜ, ಅಲ್ಲಿದ್ದ ಇಬ್ಬರು ಮೂವರಿಗೆ ಮಾತ್ರ ಕೆಲಸವೂ ಹೋಯಿತು, ವೀಸಾದ ಚಿಂತೆಯೂ ಶುರುವಾಯಿತು. ಹಾಗಾಗಿ ಈ ಲೇಖನ ಅಂಗಡಿ ಇಟ್ಟವರಿಗೂ, ಅಂಗಡಿಯಲ್ಲಿ ನಿಂತವರಿಗೂ ಸೇರಿಸಿ ಬರೆದದ್ದು.

ಪಟ್ಟಿ ಆಗಲೇ ಇದೆ

ಬಹರೈನಿಗೆ ದಿನಾರ್ ಬಂದದ್ದು 1965ರಲ್ಲಿ. ಅದಕ್ಕೂ ಮೊದಲು ಇಲ್ಲಿ ರೂಪಾಯಿಯಲ್ಲೇ ವ್ಯವಹಾರ. ಮನಾಮಾ ಸೂಕ್‌ನಲ್ಲಿ ಸಿಂಧಿ, ಗುಜರಾತಿ ವ್ಯಾಪಾರಿಗಳು ಎಣ್ಣೆ ಸಿಗುವ ಎಷ್ಟೋ ಕಾಲ ಮೊದಲೇ ನೆಲೆಯಾಗಿದ್ದರು. ಅಂಥ ವ್ಯಾಪಾರ ನಡೆಯುವುದು ಲೆಕ್ಕದ ಪುಸ್ತಕದ ಮೇಲೆ. ಯಾರು ಏನು ಕೊಂಡರು, ಎಷ್ಟು ಬಾಕಿ, ಯಾವಾಗ ಕೊಡುತ್ತಾರೆ.

ಇವತ್ತಿನ ಕೋಲ್ಡ್ ಸ್ಟೋರ್‌ನ ಉದ್ರಿ ಪುಸ್ತಕವೂ ಅದೇ. ಫ್ಲ್ಯಾಟ್ ನಂಬರ್ ಇದೆ, ಫೋನ್ ನಂಬರ್ ಇದೆ, ವಾರಕ್ಕೆ ಎಷ್ಟು ಹಾಲು, ತಿಂಗಳಿಗೆ ಎಷ್ಟು ಅಕ್ಕಿ ಎಲ್ಲ ಇದೆ. ಇದರ ಜೊತೆ ಡೆಲಿವರಿ ಬರೆದಿಡುವ ನೋಟ್ ಪುಸ್ತಕ, ಟೈಲರ್‌ನ ಅಳತೆ ಪುಸ್ತಕ, ಮೊಬೈಲ್ ರಿಪೇರಿಯ ರಸೀದಿ ಪುಸ್ತಕ. ವ್ಯಾಟ್‌ಗೆ ನೋಂದಣಿಯಾದ ಅಂಗಡಿಯಾದರೆ ಬಿಲ್ಲುಗಳನ್ನು ಹೇಗೂ ಜೋಪಾನವಾಗಿ ಇಡಲೇಬೇಕು. ಅಂದರೆ ದೊಡ್ಡ ಕಂಪನಿಗಳು ಹಣ ಕೊಟ್ಟು ಕಲೆಹಾಕುವ ಮಾಹಿತಿ ನಮ್ಮ ಅಂಗಡಿಯ ಮೇಜಿನಲ್ಲಿ ಧೂಳು ತಿನ್ನುತ್ತಾ ಕೂತಿದೆ.

ಅದನ್ನು ಒಂದು ಎಕ್ಸೆಲ್ ಶೀಟಿಗೆ, ಇಲ್ಲವೇ ಗೂಗಲ್ ಶೀಟಿಗೆ ಇಳಿಸಿ. ಆರು ಕಾಲಂ ಸಾಕು: ಹೆಸರು, ಫೋನ್ ಅಥವಾ ಇ-ಮೇಲ್, ಕೊನೆಯ ಸಲ ಬಂದ ದಿನ, ಕಳೆದ ಮೂರು ತಿಂಗಳಲ್ಲಿ ಎಷ್ಟು ಸಲ ಬಂದರು, ಒಟ್ಟು ಎಷ್ಟು ದಿನಾರ್ ವ್ಯಾಪಾರ, ವಿಶೇಷವಾಗಿ ಕೇಳುವ ಸಾಮಾನು ಯಾವುದು. ನಡುವಿನ ಮೂರು ಕಾಲಂಗಳು ಮಾರ್ಕೆಟಿಂಗ್ ಪುಸ್ತಕಗಳಲ್ಲಿ ಆರ್‌ಎಫ್‌ಎಂ ಅನ್ನುವ ಹೆಸರಿನಲ್ಲಿ ಬರುತ್ತವೆ. ಇ-ಮೇಲ್ ಬರುವ ಮೊದಲು, ಅಂಚೆಯಲ್ಲಿ ಕ್ಯಾಟಲಾಗ್ ಕಳಿಸುತ್ತಿದ್ದ ಅಮೆರಿಕದ ಕಂಪನಿಗಳು ಯಾರಿಗೆ ಕಳಿಸಿದರೆ ಅಂಚೆಚೀಟಿಯ ಖರ್ಚು ಹುಟ್ಟುತ್ತದೆ ಅಂತ ನೋಡಲು ಬಳಸಿದ ಲೆಕ್ಕ ಅದು. ನಮಗೂ ಅಷ್ಟೇ ಸಾಕು.

ಮೂರು ರಾಶಿ ಮಾಡಿ

ಶೀಟ್ ತುಂಬಿದ ಮೇಲೆ ಗಿರಾಕಿಗಳನ್ನು ಮೂರು ರಾಶಿ ಮಾಡಿ.

ಒಂದು, ವಾರ ವಾರ ತಪ್ಪದೆ ಬರುವವರು. ಇವರಿಗೆ ರಿಯಾಯಿತಿಗಿಂತ ಅನುಕೂಲ ಮುಖ್ಯ. "ನಿಮ್ಮ ಬ್ರ್ಯಾಂಡಿನ ಕಾಫಿ ಪುಡಿ ಬಂದಿದೆ", "ಶುಕ್ರವಾರ ಬೆಳಿಗ್ಗೆ ತಾಜಾ ಬಸಳೆ ಬರುತ್ತದೆ, ಬೇಕಿದ್ದರೆ ಹೇಳಿ". ಮೊದಲು ತಿಳಿಸುವುದು, ತೆಗೆದಿಡುವುದು, ಮನೆಗೆ ತಲುಪಿಸುವುದು. ಇವರಿಗೆ ಸಿಗಬೇಕಾದ ಮರ್ಯಾದೆ ಇದು.

ಎರಡು, ಆಗೊಮ್ಮೆ ಈಗೊಮ್ಮೆ ಬರುವವರು, ಮುಖ್ಯವಾಗಿ ಹಬ್ಬಕ್ಕೆ ಬರುವವರು. ಚೌತಿಗೆ ಬಾಳೆಎಲೆ, ತೆಂಗಿನಕಾಯಿ ಕೇಳಿದವರು, ಮೊಂತಿ ಹಬ್ಬಕ್ಕೆ ತರಕಾರಿ ಕೇಳಿದವರು, ರಮ್ಜಾನಿನಲ್ಲಿ ಖರ್ಜೂರದ ಡಬ್ಬಿ ಒಯ್ದವರು. ಇವರಿಗೆ ವರ್ಷದಲ್ಲಿ ನಾಲ್ಕೈದು ಮೆಸೇಜ್ ಸಾಕು, ಆದರೆ ಸರಿಯಾದ ಹೊತ್ತಿಗೆ ಹೋಗಬೇಕು. ಹಬ್ಬದ ಹಿಂದಿನ ದಿನ ಕಳಿಸಿದರೆ ಅವರು ಆಗಲೇ ಬೇರೆ ಕಡೆ ಕೊಂಡಿರುತ್ತಾರೆ. ಒಂದು ವಾರ ಮೊದಲು ಕಳಿಸಿದರೆ ನಿಮಗೂ ಎಷ್ಟು ತರಿಸಬೇಕು ಅಂತ ಅಂದಾಜು ಸಿಗುತ್ತದೆ. ಬಾಳೆಎಲೆ ಉಳಿದರೆ ಮಾರನೇ ದಿನ ಕಸ.

ಮೂರು, ಎರಡು ಮೂರು ತಿಂಗಳಿಂದ ಕಾಣದವರು. ಇವರಲ್ಲಿ ಕೆಲವರು ಊರಿಗೆ ಹೋಗಿರುತ್ತಾರೆ, ಕೆಲವರು ಮನೆ ಬದಲಿಸಿರುತ್ತಾರೆ, ಇನ್ನು ಕೆಲವರಿಗೆ ಏನೋ ಬೇಸರ. ಜುಲೈ, ಆಗಸ್ಟ್‌ನಲ್ಲಿ ಶಾಲೆಗೆ ರಜೆಯಾಗಿ ಸಂಸಾರಗಳೆಲ್ಲ ಊರಿಗೆ ಹೋದಾಗ ಕಾಣದವರನ್ನು ಈ ರಾಶಿಗೆ ಹಾಕಬೇಡಿ. ಶಾಲೆ ಶುರುವಾಗುವ ಹೊತ್ತಿಗೆ "ಊರಿಂದ ಬಂದ್ರಾ? ಫ್ರಿಜ್ ಖಾಲಿ ಇದ್ದರೆ ಒಂದು ಫೋನ್ ಮಾಡಿ, ಹಾಲು ತರಕಾರಿ ಕಳಿಸ್ತೇವೆ" ಅಂದರೆ ಸಾಕು. ನಿಜವಾಗಿ ಬಿಟ್ಟುಹೋದವರಿಗೆ ಮಾತ್ರ ರಿಯಾಯಿತಿ ಕೊಟ್ಟು ಕರೆಯಿರಿ.

ರಿಯಾಯಿತಿಯ ಲೆಕ್ಕ

ಇಲ್ಲಿ ಸ್ವಲ್ಪ ನಿಲ್ಲಬೇಕು. ಯಾಕೆಂದರೆ ಸಣ್ಣ ಅಂಗಡಿಗಳು ಹಣ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲೇ. ಲೆಕ್ಕ ಬರೆಯುವವನಿಗೆ ಇದು ಬೇಗ ಕಣ್ಣಿಗೆ ಬೀಳುತ್ತದೆ, ಗಲ್ಲಾದ ಹಿಂದೆ ನಿಂತವರಿಗೆ ಕಾಣುವುದಿಲ್ಲ.

ಒಂದು ಸಾಮಾನಿನ ಬೆಲೆ ವ್ಯಾಟ್ ಬಿಟ್ಟು 5 ದಿನಾರ್ ಅಂತ ಇಟ್ಟುಕೊಳ್ಳಿ. ನಿಮಗೆ ಬಿದ್ದದ್ದು 4 ದಿನಾರ್. ಲಾಭ 1 ದಿನಾರ್. ಶೇ. 10 ರಿಯಾಯಿತಿ ಕೊಟ್ಟರೆ ಬೆಲೆ 4 ದಿನಾರ್ 500 ಫಿಲ್ಸ್. ಬೆಲೆ ಇಳಿದದ್ದು ಹತ್ತನೇ ಒಂದು ಪಾಲು, ಲಾಭ ಇಳಿದದ್ದು ಅರ್ಧ.

ಈಗ ಅಂಗಡಿಗೆ 300 ಗಿರಾಕಿಗಳು ಇದ್ದಾರೆ ಅಂತ ಊಹಿಸಿ. ಮೆಸೇಜ್ ಇಲ್ಲದಿದ್ದರೂ ಅವರಲ್ಲಿ 60 ಮಂದಿ ಈ ತಿಂಗಳು ಅದನ್ನು ಕೊಳ್ಳುವವರೇ. ವ್ಯಾಪಾರ 300 ದಿನಾರ್, ಲಾಭ 60 ದಿನಾರ್. ನೀವು ಎಲ್ಲ 300 ಮಂದಿಗೂ ಶೇ. 10 ರಿಯಾಯಿತಿಯ ಮೆಸೇಜ್ ಕಳಿಸಿದಿರಿ. ಹೊಸದಾಗಿ 20 ಮಂದಿ ಬಂದರು. ಈಗ 80 ಮಂದಿ, ವ್ಯಾಪಾರ 360 ದಿನಾರ್. ಮಾಲೀಕನಿಗೆ ಖುಷಿ, ವ್ಯಾಪಾರ 60 ದಿನಾರ್ ಏರಿತಲ್ಲ! ಆದರೆ ಲಾಭ? 80 ಗುಣಿಸು 500 ಫಿಲ್ಸ್, ಅಂದರೆ 40 ದಿನಾರ್. 60 ಇದ್ದದ್ದು 40ಕ್ಕೆ ಇಳಿಯಿತು. ಹೆಚ್ಚು ಮಾರಿ, ಹೆಚ್ಚು ಹೊತ್ತು, ಹೆಚ್ಚು ಡೆಲಿವರಿ ಮಾಡಿ, 20 ದಿನಾರ್ ಕೈಬಿಟ್ಟಂತಾಯಿತು.

ಅದೇ ರಿಯಾಯಿತಿಯನ್ನು ಎರಡು ತಿಂಗಳಿಂದ ಕಾಣದ 80 ಮಂದಿಗೆ ಮಾತ್ರ ಕಳಿಸಿ. ಅವರಲ್ಲಿ 15 ಮಂದಿ ಬಂದರು ಅನ್ನೋಣ. ನಿತ್ಯದ 60 ಮಂದಿಯಿಂದ ಪೂರ್ತಿ 60 ದಿನಾರ್, ಈ 15 ಮಂದಿಯಿಂದ 7 ದಿನಾರ್ 500 ಫಿಲ್ಸ್. ಒಟ್ಟು ಲಾಭ 67 ದಿನಾರ್ 500 ಫಿಲ್ಸ್. ಕಳಿಸಿದ ಮೆಸೇಜ್ ಕಡಿಮೆ, ಬಂದ ಲಾಭ ಹೆಚ್ಚು. ನಿಮ್ಮ ಅಂಗಡಿಯ ಅಂಕಿ ಬೇರೆ ಇರಬಹುದು, ಆದರೆ ಲೆಕ್ಕದ ದಾರಿ ಇದೇ.

ವ್ಯಾಟ್ ವಿಷಯ ಒಂದು ಮಾತು. ಬಹರೈನಿನಲ್ಲಿ 2019ರ ಜನವರಿಯಲ್ಲಿ ಶೇ. 5ರಿಂದ ಶುರುವಾದ ವ್ಯಾಟ್ 2022ರ ಜನವರಿ 1ರಿಂದ ಶೇ. 10 ಆಗಿದೆ. ಹಲವು ಮೂಲ ಆಹಾರ ವಸ್ತುಗಳಿಗೆ ಮಾತ್ರ ಸೊನ್ನೆ ದರ. ವಾರ್ಷಿಕ ವಹಿವಾಟು 37,500 ದಿನಾರ್ ದಾಟಿದವರು ನೋಂದಣಿ ಮಾಡಲೇಬೇಕು. ಆಫರ್ ಬೆಲೆ ಬರೆಯುವಾಗ ವ್ಯಾಟ್ ಸೇರಿಸಿಯೇ ಬರೆಯಿರಿ. ಮೆಸೇಜ್‌ನಲ್ಲಿ ಒಂದು ಬೆಲೆ, ಬಿಲ್ಲಿನಲ್ಲಿ ಇನ್ನೊಂದು ಬೆಲೆ ಆದರೆ ಗಿರಾಕಿ ಎರಡನೇ ಸಲ ಬರುವುದಿಲ್ಲ.

ಯಾವುದಕ್ಕೆ ವಾಟ್ಸಾಪ್, ಯಾವುದಕ್ಕೆ ಇ-ಮೇಲ್

ನಮ್ಮ ಜನ ಹೆಚ್ಚು ನೋಡುವುದು ವಾಟ್ಸಾಪ್. ಲೇಬರ್ ಕ್ಯಾಂಪಿನ ಗಿರಾಕಿಗೆ ಇ-ಮೇಲ್ ಕಳಿಸಿ ಪ್ರಯೋಜನ ಇಲ್ಲ. ವಾಟ್ಸಾಪ್ ಬಿಸಿನೆಸ್ ಆ್ಯಪ್ 2018ರಿಂದ ಇದೆ, ಸಣ್ಣ ಅಂಗಡಿಗೆ ಉಚಿತ. ಅದರಲ್ಲಿ ಗಿರಾಕಿಗಳಿಗೆ ಬಣ್ಣದ ಲೇಬಲ್ ಹಾಕಬಹುದು, ಮೇಲೆ ಹೇಳಿದ ಮೂರು ರಾಶಿಗೆ ಮೂರು ಲೇಬಲ್. ಒಂದು ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಮಂದಿಯವರೆಗೆ ಸೇರಿಸಬಹುದು. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಹಾಗಾಗಿ "ನಮ್ಮ ನಂಬರ್ ಸೇವ್ ಮಾಡಿಕೊಳ್ಳಿ" ಅಂತ ಗಲ್ಲಾದ ಹತ್ತಿರ ಬೋರ್ಡ್ ಹಾಕಿ. ಗ್ರೂಪ್ ಮಾತ್ರ ಮಾಡಬೇಡಿ. ಗ್ರೂಪಿನಲ್ಲಿ ಒಬ್ಬರ ನಂಬರ್ ಎಲ್ಲರಿಗೂ ಕಾಣುತ್ತದೆ. ಒಂಟಿ ಹೆಣ್ಣುಮಕ್ಕಳಿಗೆ ಅದರಿಂದ ಆಗುವ ತೊಂದರೆ ನಮಗೆಲ್ಲ ಗೊತ್ತಿದೆ.

ಇ-ಮೇಲ್ ಉಪಯೋಗಕ್ಕೆ ಬರುವುದು ಆಫೀಸಿನ ವ್ಯಾಪಾರಕ್ಕೆ. ಟೀ, ಹಾಲು, ನೀರು, ಟಿಶ್ಯೂ ತರಿಸುವ ಕಂಪನಿಗಳು, ಯೂನಿಫಾರ್ಮ್ ಹೊಲಿಸುವವರು, ದೀಪಾವಳಿಗೆ ಸಿಬ್ಬಂದಿಗೆ ಸಿಹಿ ಹಂಚುವವರು. ಅಲ್ಲಿ ಬೆಲೆಪಟ್ಟಿ ಕೇಳುತ್ತಾರೆ, ಮ್ಯಾನೇಜರ್‌ಗೆ ಫಾರ್ವರ್ಡ್ ಮಾಡುತ್ತಾರೆ, ಆರು ತಿಂಗಳ ಮೇಲೆ ಹುಡುಕುತ್ತಾರೆ. ಈ ಕೆಲಸಕ್ಕೆ ಇ-ಮೇಲ್‌ನಷ್ಟು ಅಗ್ಗದ ದಾರಿ ಇನ್ನೊಂದಿಲ್ಲ. ಇನ್ನೊಂದು ಲಾಭ, ಇ-ಮೇಲ್ ಪಟ್ಟಿ ನಿಮ್ಮ ಕೈಯಲ್ಲೇ ಇರುತ್ತದೆ. ವಾಟ್ಸಾಪ್ ಅಥವಾ ಇನ್‌ಸ್ಟಾಗ್ರಾಂ ಖಾತೆ ಒಂದು ದಿನ ಬ್ಲಾಕ್ ಆದರೆ ಗಿರಾಕಿಗಳೂ ಅದರ ಜೊತೆ ಹೋದ ಹಾಗೆ.

ಉಚಿತ ಜಿಮೇಲ್‌ನಿಂದ ದಿನಕ್ಕೆ 500 ಮಂದಿಗೆ ಕಳಿಸಬಹುದು, ಸಣ್ಣ ಅಂಗಡಿಗೆ ಅಷ್ಟು ಬೇಕಾಗುವುದೂ ಇಲ್ಲ. ಎಲ್ಲರ ವಿಳಾಸವನ್ನು ಒಟ್ಟಿಗೆ ಮೇಲಿನ ಸಾಲಿನಲ್ಲಿ ಹಾಕಿ ಕಳಿಸಬೇಡಿ, ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣುತ್ತದೆ. ಬಿಸಿಸಿ ಅನ್ನುವ ಜಾಗದಲ್ಲಿ ಹಾಕಿ. ಪಟ್ಟಿ ಚಿಕ್ಕದಾದರೆ ಒಬ್ಬೊಬ್ಬರಿಗೆ ಹೆಸರು ಹಾಕಿ ಬರೆಯುವುದು ಇನ್ನೂ ಒಳ್ಳೆಯದು.

ಬರೆಯುವ ರೀತಿಗೆ ಒಂದು ನಮೂನೆ:

*ವಿಷಯ: ದೀಪಾವಳಿ ಸಿಹಿ ಡಬ್ಬಿ, ಕಳೆದ ವರ್ಷದ ನಿಮ್ಮ 40 ಡಬ್ಬಿ*

*ನಮಸ್ಕಾರ. ಕಳೆದ ವರ್ಷ ನಿಮ್ಮ ಆಫೀಸಿಗೆ ಅರ್ಧ ಕಿಲೋದ 40 ಡಬ್ಬಿ ಕೊಟ್ಟಿದ್ದೆವು. ಈ ವರ್ಷವೂ ಬೇಕಿದ್ದರೆ ಹಬ್ಬಕ್ಕೆ ಹತ್ತು ದಿನ ಮೊದಲು ತಿಳಿಸಿ. ವ್ಯಾಟ್ ಸೇರಿದ ಬೆಲೆಪಟ್ಟಿ ಕೆಳಗಿದೆ. ಆಫೀಸಿಗೆ ತಲುಪಿಸುವ ಖರ್ಚು ನಮ್ಮದು. ಇಂಥ ಮೇಲ್ ಬೇಡವಾದರೆ "ಬೇಡ" ಎಂದು ಉತ್ತರಿಸಿ, ಹೆಸರು ತೆಗೆಯುತ್ತೇವೆ.*

ಒಂದು ಮೇಲ್‌ನಲ್ಲಿ ಒಂದೇ ವಿಷಯ. ಮೊದಲ ಐದಾರು ಪದದಲ್ಲೇ ಅದು ಏನು ಅಂತ ಗೊತ್ತಾಗಬೇಕು. ಅಂಗಡಿಯ ಹೆಸರು, ಫೋನ್, ಇರುವ ರಸ್ತೆ ಕೆಳಗೆ ಇರಲಿ. ಆಫೀಸಿಗೆ ಇಂಗ್ಲಿಷ್‌ನಲ್ಲೋ ಅರಬ್ಬಿಯಲ್ಲೋ ಬರೆಯಬೇಕಾದರೂ ಕ್ರಮ ಇದೇ.

ಎಷ್ಟು ಮಂದಿ ಮೇಲ್ ತೆರೆದರು ಅನ್ನುವ ಅಂಕಿಯನ್ನು ನಂಬಿ ಕೂರಬೇಡಿ. 2021ರಲ್ಲಿ ಆ್ಯಪಲ್ ಕಂಪನಿ ತನ್ನ ಮೇಲ್ ಆ್ಯಪ್‌ನಲ್ಲಿ ತಂದ ಬದಲಾವಣೆಯ ನಂತರ, ಓದದಿದ್ದ ಮೇಲ್ ಕೂಡ ಓದಿದಂತೆ ಲೆಕ್ಕಕ್ಕೆ ಬರಬಹುದು. "ಈ ಮೆಸೇಜ್ ತೋರಿಸಿ" ಅಂತ ಬರೆದು, ತೋರಿಸಿದವರ ಬಿಲ್ಲಿನ ಮೇಲೆ ಒಂದು ಗುರುತು ಹಾಕಿ. ತಿಂಗಳ ಕೊನೆಗೆ ಆ ಗುರುತುಗಳನ್ನು ಎಣಿಸಿ. ಅದೇ ನಿಜವಾದ ಲೆಕ್ಕ.

ಕೇಳಿ ಕಳಿಸಿ

ಗುಂಪಾಗಿ ಕಳಿಸಿದ ಮೊದಲ ಜಾಹೀರಾತು ಮೇಲ್ ಅಂತ ಹೆಸರಾದದ್ದು 1978ರ ಮೇ 3ರದು. ಅಮೆರಿಕದ ಡಿಇಸಿ ಕಂಪನಿಯ ಗ್ಯಾರಿ ಥರ್ಕ್ ಎಂಬವರು ಹೊಸ ಕಂಪ್ಯೂಟರಿನ ಪ್ರದರ್ಶನಕ್ಕೆ ಕರೆದು ಸುಮಾರು 400 ಮಂದಿಗೆ ಕಳಿಸಿದರು. ಕೇಳದೆ ಕಳಿಸಿದ್ದಕ್ಕೆ ಜನ ಸಿಟ್ಟಾದರು. ಇಷ್ಟು ವರ್ಷ ಆದರೂ ಜನರ ಸಿಟ್ಟು ಹಾಗೇ ಇದೆ. ಈಗ ಆ ಸಿಟ್ಟಿಗೆ ಒಂದು ಬಟನ್ ಇದೆ, ಸ್ಪ್ಯಾಮ್ ಅಂತ ಒತ್ತಿದರೆ ಮುಗಿಯಿತು. ಜಿಮೇಲ್‌ಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರಿಗೆ 2024ರ ಫೆಬ್ರವರಿಯಿಂದ ಗೂಗಲ್ ಬಿಗಿ ನಿಯಮ ತಂದಿದೆ: ಬೇಡ ಅನ್ನಲು ಒಂದೇ ಕ್ಲಿಕ್ ಇರಬೇಕು, ಸ್ಪ್ಯಾಮ್ ದೂರು ಸಾವಿರಕ್ಕೆ ಮೂರು ಮುಟ್ಟಬಾರದು. ನಾವು ಅಷ್ಟು ಕಳಿಸುವುದಿಲ್ಲ, ಆದರೆ ದೂರು ಹೆಚ್ಚಾದರೆ ಸಣ್ಣವರ ಮೇಲ್ ಕೂಡ ಸ್ಪ್ಯಾಮ್ ಪೆಟ್ಟಿಗೆಗೇ ಹೋಗುತ್ತದೆ.

ಬಹರೈನಿನಲ್ಲಿ ಇದಕ್ಕೆ ಕಾನೂನೇ ಇದೆ. ವೈಯಕ್ತಿಕ ಮಾಹಿತಿ ರಕ್ಷಣೆಯ 2018ರ 30ನೇ ನಂಬರ್ ಕಾನೂನು, 2019ರ ಆಗಸ್ಟ್ 1ರಿಂದ ಜಾರಿಯಲ್ಲಿದೆ. ಒಂದು ಕೆಲಸಕ್ಕೆ ಅಂತ ಪಡೆದ ಮಾಹಿತಿಯನ್ನು ಮನಸ್ಸಿಗೆ ಬಂದ ಹಾಗೆ ಬೇರೆ ಕೆಲಸಕ್ಕೆ ಬಳಸುವಂತಿಲ್ಲ. ನನಗೆ ಜಾಹೀರಾತು ಬೇಡ ಅನ್ನುವ ಹಕ್ಕು ಪ್ರತಿಯೊಬ್ಬರಿಗೂ ಉಂಟು. ಕೆಲವು ಉಲ್ಲಂಘನೆಗಳಿಗೆ ದಂಡವಷ್ಟೇ ಅಲ್ಲ, ಜೈಲೂ ಇದೆ.

ಹಾಗಾಗಿ ಡೆಲಿವರಿಗೆ ಅಂತ ಕೊಟ್ಟ ನಂಬರಿಗೆ ಆಫರ್ ಕಳಿಸುವ ಮೊದಲು ಒಂದು ಮಾತು ಕೇಳಿ. "ಹೊಸ ಸಾಮಾನು ಬಂದಾಗ ಮೆಸೇಜ್ ಮಾಡ್ಲಾ?" ಅಷ್ಟೇ. ಹೂಂ ಅಂದರೆ ಶೀಟಿನಲ್ಲಿ ದಿನಾಂಕ ಹಾಕಿ ಬರೆದಿಡಿ. ಬೆನಿಫಿಟ್ ಪೇ ಮೂಲಕ ಹಣ ಬಂದಾಗ ಕಂಡ ನಂಬರ್, ಯಾರದೋ ವಾಟ್ಸಾಪ್ ಗ್ರೂಪಿನಿಂದ ಎತ್ತಿದ ನಂಬರ್, ಇವು ಒಪ್ಪಿಗೆ ಅಲ್ಲ. ಸಂಘ ಸಂಸ್ಥೆಗಳ ಸದಸ್ಯರ ಪಟ್ಟಿಯನ್ನು ಅಂಗಡಿಗೆ ಕೊಡುವುದೂ ಬೇಡ, ಕೇಳುವುದೂ ಬೇಡ. ಸದಸ್ಯರಾದದ್ದು ಸಂಘಕ್ಕೆ, ಸಾಮಾನಿಗಲ್ಲ.

ಇನ್ನೊಂದು ಸೂಕ್ಷ್ಮ. ಶೀಟಿನಲ್ಲಿ ಧರ್ಮ, ಜಾತಿ, ಕಾಯಿಲೆ ಬರೆಯಬೇಡಿ. ಈ ಕಾನೂನಿನಲ್ಲಿ ಧರ್ಮ, ಆರೋಗ್ಯ ಮುಂತಾದವು ಸೂಕ್ಷ್ಮ ಮಾಹಿತಿ, ಅದಕ್ಕೆ ನಿಯಮ ಇನ್ನೂ ಬಿಗಿ. "ಚೌತಿಗೆ ಬಾಳೆಎಲೆ ಕೇಳುತ್ತಾರೆ", "ಸಕ್ಕರೆ ಇಲ್ಲದ ಬಿಸ್ಕತ್ತು ಕೇಳುತ್ತಾರೆ" ಅಂತ ಸಾಮಾನನ್ನು ಮಾತ್ರ ಬರೆಯಿರಿ. ಬಾಳೆಎಲೆ ಎಲ್ಲ ಧರ್ಮದವರಿಗೂ ಬೇಕು, ಓಣಂ ಸದ್ಯಕ್ಕೆ ಹೋಗುವವರನ್ನು ನೋಡಿದರೆ ಗೊತ್ತಾಗುತ್ತದೆ.

ಪಟ್ಟಿ ಯಾರದು?

ಇದು ಅಂಗಡಿಯಲ್ಲಿ ಕೆಲಸ ಮಾಡುವ ನಮ್ಮ ಹುಡುಗರಿಗೆ. ಎಷ್ಟೋ ಅಂಗಡಿಗಳಲ್ಲಿ ಗಿರಾಕಿಗಳ ನಂಬರೆಲ್ಲ ಸೇಲ್ಸ್‌ಮನ್‌ನ ಸ್ವಂತ ಫೋನಿನಲ್ಲಿರುತ್ತವೆ. ಅವನು ಎರಡು ತಿಂಗಳು ರಜೆಗೆ ಊರಿಗೆ ಹೋದರೆ ಅಂಗಡಿಗೆ ಕಿವಿಯೂ ಇಲ್ಲ, ಬಾಯಿಯೂ ಇಲ್ಲ. ಕೆಲಸ ಬಿಟ್ಟು ಪಕ್ಕದ ಅಂಗಡಿಗೆ ಸೇರಿದರೆ ಜಗಳ, ಕೆಲವೊಮ್ಮೆ ಪೊಲೀಸ್ ದೂರಿನವರೆಗೆ ಹೋಗುತ್ತದೆ. ಅಂಗಡಿಗೆ ಬೇರೆ ಸಿಮ್, ಬೇರೆ ಫೋನ್ ಇರಲಿ. ಮಾಲೀಕ ಕೊಡದಿದ್ದರೆ ಮರ್ಯಾದೆಯಿಂದ ಕೇಳಿ. ಅದು ಅವರಿಗೂ ಒಳ್ಳೆಯದು, ನಿಮಗೂ ರಕ್ಷಣೆ. ಬಿಡುವಾಗ ಪಟ್ಟಿ ಒಯ್ಯಬೇಡಿ. ಗಿರಾಕಿ ನಂಬರ್ ಕೊಟ್ಟದ್ದು ಅಂಗಡಿಗೆ. ಪ್ರೀತಿ ಇದ್ದವರು ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ.

ರೂಮಿನಲ್ಲೇ ಚಕ್ಕುಲಿ, ಬಿರಿಯಾನಿ ಮಾಡಿ ಮೆಸೇಜ್ ಹಾಕಿ ಮಾರುವವರಿಗೂ ಒಂದು ಎಚ್ಚರಿಕೆ. ಸಿಆರ್ ಇಲ್ಲದೆ ವ್ಯಾಪಾರ ಮಾಡುವುದು ಇಲ್ಲಿ ಅಪರಾಧ. ನೀವು ಕಳಿಸಿದ ಆ ಮೆಸೇಜೇ ನಿಮ್ಮ ವಿರುದ್ಧ ಸಾಕ್ಷಿಯಾಗುತ್ತದೆ.

ಮೆಸೇಜ್ ಬಂದಾಗ

ಗಿರಾಕಿಗಳಾಗಿ ನಾವೂ ಎಚ್ಚರದಲ್ಲಿರಬೇಕು. ಅಸಲಿ ಅಂಗಡಿ ಆಫರ್ ಕೊಡಲು ಸಿಪಿಆರ್ ನಂಬರ್ ಕೇಳುವುದಿಲ್ಲ, ಒಟಿಪಿ ಕೇಳುವುದಿಲ್ಲ, ಲಿಂಕ್ ಒತ್ತಿ ಕಾರ್ಡ್ ನಂಬರ್ ಹಾಕಿ ಅನ್ನುವುದಿಲ್ಲ. ಬಹುಮಾನ ಬಂದಿದೆ ಅಂದರೆ ಅಂಗಡಿಗೇ ನಡೆದುಹೋಗಿ ಕೇಳಿ. ಇದೇ ಕಾರಣಕ್ಕೆ ಅಂಗಡಿಯವರೂ ಮೆಸೇಜ್‌ನಲ್ಲಿ ಲಿಂಕ್ ಹಾಕುವ ಬದಲು ಫೋನ್ ನಂಬರ್ ಹಾಕಿ. ಒಂದೇ ನಂಬರಿನಿಂದ, ಒಂದೇ ಹೆಸರಿನಿಂದ ಕಳಿಸಿ. ಆಗ ನಿಮ್ಮ ಹೆಸರಿನಲ್ಲಿ ಮೋಸದ ಮೆಸೇಜ್ ಬಂದರೆ ಗಿರಾಕಿಗೆ ಕೂಡಲೇ ಅನುಮಾನ ಬರುತ್ತದೆ.

ಈ ತಿಂಗಳು ಮಾಡಬಹುದಾದದ್ದು

ಮೊದಲ ವಾರ ಉದ್ರಿ ಪುಸ್ತಕದಿಂದ 50 ಹೆಸರು ಶೀಟಿಗೆ ಇಳಿಸಿ. ಎರಡನೇ ವಾರ ಗಿರಾಕಿ ಬಂದಾಗ ಒಪ್ಪಿಗೆ ಕೇಳಿ ಗುರುತು ಹಾಕಿ. ಮೂರನೇ ವಾರ ಬಹಳ ದಿನದಿಂದ ಕಾಣದ ಹತ್ತು ಮಂದಿಯನ್ನು ಆರಿಸಿ. ಒಪ್ಪಿಗೆ ಇದ್ದವರಿಗೆ ಹೆಸರು ಹಿಡಿದು ಒಂದೊಂದು ಸಾಲು ಬರೆಯಿರಿ, ಉಳಿದವರು ಎದುರು ಸಿಕ್ಕಾಗ ಮಾತಾಡಿಸಿ. ಸಂಬಳದ ವಾರ ಹತ್ತಿರ ಇದ್ದರೆ ಇನ್ನೂ ಒಳ್ಳೆಯದು. ನಾಲ್ಕನೇ ವಾರ ಎಷ್ಟು ಮಂದಿ ಬಂದರು, ಎಷ್ಟು ಲಾಭ ಉಳಿಯಿತು ಅಂತ ಲೆಕ್ಕ ಹಾಕಿ. ಇದಕ್ಕೆ ಬೇಕಾದದ್ದು ಒಂದು ಫೋನ್, ದಿನಕ್ಕೆ ಕಾಲು ಗಂಟೆ. ದುಡ್ಡಿನ ಖರ್ಚು ಏನೂ ಇಲ್ಲ.

ಹತ್ತು ಮಂದಿಯಲ್ಲಿ ಮೂವರು ವಾಪಸ್ ಬಂದರೂ, ತಿಂಗಳಿಗೆ 20 ದಿನಾರ್‌ನ ಸಾಮಾನು ಒಯ್ಯುವ ಸಂಸಾರಗಳಾದರೆ ವರ್ಷಕ್ಕೆ 720 ದಿನಾರ್ ವ್ಯಾಪಾರ. ಅಂಗಡಿಯ ವಿದ್ಯುತ್ ಬಿಲ್ಲಿಗೋ, ಹುಡುಗನ ಊರಿನ ಟಿಕೆಟಿಗೋ ಅದರ ಲಾಭ ಸಾಕಾಗಬಹುದು.